ಅರ್ಧ ಕೆಲ್ವಿನ್ ತಗ್ಗು, ಕೆರೆಯ ಮೇಲೊಂದು ತೆಪ್ಪ

2018ರ ಫೆಬ್ರುವರಿ 28ರಂದು ಒಂದು ಸುದ್ದಿ ಬಂತು. ವಿಶ್ವದಲ್ಲಿ ಮೊದಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಗುರುತು ರೇಡಿಯೊ ಅಲೆಗಳಲ್ಲಿ ಸಿಕ್ಕಿದೆ ಎಂದು. ಸರಿಯಾಗಿ ನಾಲ್ಕು ವರ್ಷದ ಮೇಲೆ, 2022ರ ಫೆಬ್ರುವರಿ 28ರಂದು, ಇನ್ನೊಂದು ಸುದ್ದಿ ಬಂತು. ನಾವೂ ಹುಡುಕಿದೆವು, ಆ ಗುರುತು ನಮಗೆ ಕಾಣಲಿಲ್ಲ ಎಂದು. ಮೊದಲನೆಯದು ಪಶ್ಚಿಮ ಆಸ್ಟ್ರೇಲಿಯಾದ ಬಯಲಿನಲ್ಲಿ ಅಮೆರಿಕನ್ನರು ನಿಲ್ಲಿಸಿದ್ದ ಆಂಟೆನಾದಿಂದ ಬಂದದ್ದು, ಎರಡನೆಯದು ಕರ್ನಾಟಕದ ಒಂದು ಕೆರೆ ಮತ್ತು ಒಂದು ಹಿನ್ನೀರಿನಿಂದ. ಫೆಬ್ರುವರಿ 28 ನಮ್ಮಲ್ಲಿ ವಿಜ್ಞಾನ ದಿನ. 1928ರಲ್ಲಿ ರಾಮನ್ ತಮ್ಮ ಪರಿಣಾಮವನ್ನು ಕಂಡುಕೊಂಡ ದಿನ. ಎರಡನೆಯ ಸುದ್ದಿ ಹೊರಟದ್ದು ಬೆಂಗಳೂರಿನ ಸದಾಶಿವನಗರದಲ್ಲಿರುವ ರಾಮನ್ ಸಂಶೋಧನಾ ಸಂಸ್ಥೆಯಿಂದಲೇ. ತಾರೀಕು ಕೂಡಿಬಂದದ್ದು ಕಾಕತಾಳೀಯವಷ್ಟೆ, ಆದರೆ ನೆನಪಿಟ್ಟುಕೊಳ್ಳಲು ಅನುಕೂಲ.

ಈ ಎರಡು ಸುದ್ದಿಗಳನ್ನು ನಾವು ಓದಿಕೊಂಡ ಬಗೆ ಮಾತ್ರ ಆಗಿನಿಂದಲೂ ಕೊರೆಯುತ್ತಿದೆ. ಮೊದಲನೆಯದು ಬಂದಾಗ ಕಪ್ಪುದ್ರವ್ಯದ ಗುಟ್ಟೇ ಬಯಲಾಯಿತು ಎಂಬಂತೆ ಬರೆದರು. ಎರಡನೆಯದು ಬಂದಾಗ ಭಾರತೀಯರು ಅಮೆರಿಕನ್ನರನ್ನು ಸುಳ್ಳೆಂದು ಸಾಬೀತು ಮಾಡಿದರು ಎಂದರು. ಕ್ರಿಕೆಟ್ ಸ್ಕೋರಿನ ಧಾಟಿ. ಅಳೆದದ್ದು ಏನನ್ನು, ಅದನ್ನು ಅಳೆಯುವುದು ಯಾಕಷ್ಟು ಕಷ್ಟ, ಆಂಟೆನಾವನ್ನು ನೀರಿನ ಮೇಲೆ ತೇಲಿಬಿಡುವ ಹುಚ್ಚು ಯಾಕೆ ಬೇಕಾಯಿತು ಎಂಬುದು ಎರಡೂ ಕಡೆ ಕಳೆದುಹೋಯಿತು. ಕತೆಯ ತಿರುಳೆಲ್ಲ ಇರುವುದು ಆಕಾಶದಲ್ಲಲ್ಲ, ಆಂಟೆನಾದ ಕೆಳಗಿನ ನಾಲ್ಕೈದು ಮೀಟರಿನಲ್ಲಿ.

ಹದಿನೈದು ಟನ್ ಲಾರಿ, ಐದು ಕೆಜಿ ಮೂಟೆ

ಜಲಜನಕದ ಪರಮಾಣುವಿನಲ್ಲಿ ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಎರಡಕ್ಕೂ ಸ್ಪಿನ್ ಎಂಬ ಗುಣವಿದೆ. ಅವು ಒಂದೇ ದಿಕ್ಕಿಗಿದ್ದರೆ ಶಕ್ತಿ ತುಸು ಹೆಚ್ಚು, ಎದುರುಬದುರಾಗಿದ್ದರೆ ತುಸು ಕಡಿಮೆ. ಈ ವ್ಯತ್ಯಾಸಕ್ಕೆ ತಕ್ಕ ರೇಡಿಯೊ ಅಲೆಯ ಉದ್ದ 21 ಸೆಂಟಿಮೀಟರ್, ಆವರ್ತನ 1420 ಮೆಗಾಹರ್ಟ್ಜ್. ತಾನಾಗಿಯೇ ಮಗುಚಿಕೊಳ್ಳಲಿ ಎಂದು ಒಂದು ಪರಮಾಣುವನ್ನು ಬಿಟ್ಟರೆ ಸರಾಸರಿ ಒಂದು ಕೋಟಿ ವರ್ಷಕ್ಕೂ ಮೇಲೆ ಕಾಯಬೇಕು. ಆದರೂ ಈ ಅಲೆ ನಮಗೆ ತಲುಪುತ್ತದೆ, ಯಾಕೆಂದರೆ ವಿಶ್ವದಲ್ಲಿ ಜಲಜನಕಕ್ಕೆ ಬರವಿಲ್ಲ.

ಮೊದಲ ನಕ್ಷತ್ರಗಳು ಹುಟ್ಟುವ ಹೊತ್ತಿಗೆ ವಿಶ್ವದ ತುಂಬ ತಣ್ಣನೆಯ ಜಲಜನಕ, ಅದರ ಹಿಂದೆ ಮಹಾಸ್ಫೋಟದಿಂದ ಉಳಿದ ಹಿನ್ನೆಲೆ ವಿಕಿರಣ. ನಕ್ಷತ್ರಗಳ ನೇರಳಾತೀತ ಬೆಳಕು ಬಿದ್ದ ಮೇಲೆ ಪರಮಾಣುಗಳ ಸ್ಪಿನ್ನು ಅನಿಲದ ಉಷ್ಣತೆಗೆ ಹೊಂದಿಕೊಳ್ಳುತ್ತದೆ. ಅನಿಲ ಹಿನ್ನೆಲೆಗಿಂತ ತಣ್ಣಗಿದೆಯಾದ್ದರಿಂದ 21 ಸೆಂಟಿಮೀಟರಿನ ಅಲೆಯನ್ನು ಹೀರತೊಡಗುತ್ತದೆ. ಮುಂದೆ ಎಕ್ಸ್-ಕಿರಣಗಳು ಅನಿಲವನ್ನು ಬಿಸಿ ಮಾಡಿದಾಗ ಹೀರುವಿಕೆ ನಿಲ್ಲುತ್ತದೆ. ಹೀಗೆ ಆಕಾಶದ ರೇಡಿಯೊ ರೋಹಿತದಲ್ಲಿ ಒಂದು ತಗ್ಗು ಉಳಿಯಬೇಕು. ವಿಶ್ವ ಹಿಗ್ಗಿದಂತೆ ಅಲೆಯೂ ಹಿಗ್ಗಿ 21 ಸೆಂಟಿಮೀಟರಿನದು ಮೂರೂಮುಕ್ಕಾಲು ಮೀಟರ್ ದಾಟಿರುತ್ತದೆ. 78 ಮೆಗಾಹರ್ಟ್ಜ್‌ನಲ್ಲಿ ತಗ್ಗು ಕಂಡರೆ ಅದು ಮಹಾಸ್ಫೋಟವಾಗಿ ಸುಮಾರು 18 ಕೋಟಿ ವರ್ಷಕ್ಕೆ ನಡೆದ ಕತೆ. ಜೇಮ್ಸ್ ವೆಬ್ ದೂರದರ್ಶಕ ಇದಕ್ಕಿಂತ ಹತ್ತು ಕೋಟಿ ವರ್ಷ ಈಚಿನ ಗೆಲಾಕ್ಸಿಗಳನ್ನು ಒಂದೊಂದಾಗಿ ಹಿಡಿಯುತ್ತಿದೆ, ನಿಜ. ಆದರೆ ಅದು ನೋಡುವುದು ದೀಪಗಳನ್ನು. ದೀಪದ ಸುತ್ತಲಿದ್ದ ಕತ್ತಲೆಯನ್ನು ನೋಡಲು ಈ ತಗ್ಗೇ ಬೇಕು.

ಆಸ್ಟ್ರೇಲಿಯಾದ ಬಯಲಿನ ಆ ಪ್ರಯೋಗದ ಹೆಸರು ಎಡ್ಜಸ್. ಅದರಲ್ಲಿ ಅರಿಜೋನಾದ ಜಡ್ ಬೌಮನ್, ಎಂಐಟಿ ಹೇಸ್ಟಾಕ್‌ನ ಅಲನ್ ರೋಜರ್ಸ್ ಮತ್ತು ಸಂಗಡಿಗರು ಕಂಡದ್ದು ಇಂಥ ತಗ್ಗನ್ನೇ. ನಡುಬಿಂದು 78 ಮೆಗಾಹರ್ಟ್ಜ್, ಅಗಲ 19 ಮೆಗಾಹರ್ಟ್ಜ್, ಆಳ ಅರ್ಧ ಕೆಲ್ವಿನ್. (ರೇಡಿಯೊ ಹೊಳಪನ್ನು ಉಷ್ಣತೆಯ ಮಾನವಾದ ಕೆಲ್ವಿನ್ ಲೆಕ್ಕದಲ್ಲೇ ಹೇಳುವುದು ರೂಢಿ.) ತೊಡಕು ಇದ್ದದ್ದು ಆಳದಲ್ಲಿ. ಎಂದಿನ ಸಿದ್ಧಾಂತ ಎಷ್ಟೇ ಹಿಗ್ಗಿಸಿದರೂ 0.2 ಕೆಲ್ವಿನ್‌ಗಿಂತ ಹೆಚ್ಚೇನೂ ಕೊಡುವುದಿಲ್ಲ. ಅರ್ಧ ಕೆಲ್ವಿನ್ ಬೇಕೆಂದರೆ ಆ ಕಾಲದ ಅನಿಲ 7 ಕೆಲ್ವಿನ್ ಇರುವ ಬದಲು 3ರ ಆಸುಪಾಸಿಗೆ ತಣಿದಿರಬೇಕು, ಇಲ್ಲವೇ ಹಿಂದಿನ ರೇಡಿಯೊ ಬೆಳಕೇ ನಾವೆಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಿರಬೇಕು. ಅನಿಲವನ್ನು ತಣಿಸಿದ್ದು ಕಪ್ಪುದ್ರವ್ಯ ಇರಬಹುದು ಎಂದು ಖಗೋಳ ಭೌತವಿಜ್ಞಾನಿ ರೆನಾನ್ ಬರ್ಕಾನ, ಎಡ್ಜಸ್ ಫಲಿತಾಂಶ ಬಂದ ‘ನೇಚರ್’ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಬರೆದರು. ಅದರ ಬೆನ್ನಿಗೆ ನೂರಾರು ಪ್ರಬಂಧಗಳು ಬಂದವು.

ಈಗ ಅಳತೆಯ ಕಡೆ ನೋಡೋಣ. 78 ಮೆಗಾಹರ್ಟ್ಜ್‌ನಲ್ಲಿ ನಮ್ಮದೇ ಆಕಾಶಗಂಗೆ ಹೊಳೆಯುವುದು ಸುಮಾರು 1500 ಕೆಲ್ವಿನ್‌ನಷ್ಟು, ಅದೂ ಆಂಟೆನಾದ ಮೇಲೆ ಗಂಗೆಯ ನಡುಪಟ್ಟಿ ಇಲ್ಲದಾಗ. ಅರ್ಧ ಕೆಲ್ವಿನ್ ಎಂದರೆ ಅದರಲ್ಲಿ ಮೂರು ಸಾವಿರಕ್ಕೆ ಒಂದು ಪಾಲು. ಹದಿನೈದು ಟನ್ ಲಾರಿಯನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ಒಳಗೆ ಐದು ಕೆಜಿಯ ಮೂಟೆ ಇದೆಯೋ ಇಲ್ಲವೋ ಹೇಳಿ ಎಂದಂತೆ. ಲಾರಿ ಸುಮ್ಮನೆ ನಿಂತಿದ್ದರೆ ಇದೇನೂ ಕಷ್ಟವಲ್ಲ. ಆದರೆ ಆಕಾಶಗಂಗೆಯ ಹೊಳಪು ಆವರ್ತನ ಏರಿದಂತೆ ಸರ್ರನೆ ಇಳಿಯುತ್ತದೆ, ಸರಿಸುಮಾರು ಆವರ್ತನದ ಎರಡೂವರೆ ಘಾತದಷ್ಟು. 55 ಮೆಗಾಹರ್ಟ್ಜ್‌ನಲ್ಲಿ 3600 ಕೆಲ್ವಿನ್ ಇದ್ದದ್ದು 85ಕ್ಕೆ ಬರುವ ಹೊತ್ತಿಗೆ 1200. ಈ ಇಳಿಜಾರಿನ ಮಧ್ಯದಲ್ಲಿ ಎಲ್ಲೋ ಅರ್ಧ ಕೆಲ್ವಿನ್‌ನ ತಗ್ಗು ಹುಡುಕಬೇಕು.

ಬಹಳ ಹೊತ್ತು ಕಾದರೆ ಸಿಗುವುದಿಲ್ಲವೇ ಎಂದು ಕೇಳಬಹುದು. ಕಾಯುವುದು ಇಲ್ಲಿ ಸಮಸ್ಯೆಯೇ ಅಲ್ಲ. 1 ಮೆಗಾಹರ್ಟ್ಜ್ ಅಗಲದ ಪಟ್ಟಿಯಲ್ಲಿ 15 ಗಂಟೆ ಕೇಳಿಸಿಕೊಂಡರೆ, 1500 ಕೆಲ್ವಿನ್ ಗದ್ದಲದ ಏರಿಳಿತ ಲೆಕ್ಕದ ಪ್ರಕಾರ 7 ಮಿಲಿಕೆಲ್ವಿನ್‌ಗೆ ಇಳಿಯುತ್ತದೆ. ಕ್ಯಾಲಿಬ್ರೇಷನ್‌ಗೆ ಕಳೆಯುವ ಸಮಯ, ರಿಸೀವರಿನ ಸ್ವಂತ ಗದ್ದಲ ಎಲ್ಲ ಸೇರಿಸಿ ಮೂರುಪಟ್ಟು ಮಾಡಿಕೊಂಡರೂ 20 ಮಿಲಿಕೆಲ್ವಿನ್. ಎರಡು ರಾತ್ರಿಯ ಕೆಲಸ. ಹಾಗಿದ್ದೂ ಈ ಕ್ಷೇತ್ರದವರು ಹತ್ತು ಹದಿನೈದು ವರ್ಷ ಒದ್ದಾಡಿದ್ದಾರೆ ಎಂದರೆ ಅಡ್ಡಿ ಬೇರೆಲ್ಲೋ ಇದೆ.

ಕಿಟಕಿಯಾಚೆಗಿನ ತುತ್ತೂರಿ

21 ಸೆಂಟಿಮೀಟರ್ ಅಲೆ ಮೊದಲು ಸಿಕ್ಕಿದ ಸಂದರ್ಭವನ್ನು ಇಲ್ಲಿ ಪಕ್ಕಕ್ಕಿಟ್ಟು ನೋಡಬೇಕು. ಅಲೆ ಇರಬೇಕು ಎಂದು ಹಾಲೆಂಡಿನ ವ್ಯಾನ್ ಡ ಹುಲ್ಸ್ಟ್ 1944ರಲ್ಲೇ ಹೇಳಿದ್ದರು. 1951ರ ಮಾರ್ಚಿನಲ್ಲಿ ಹಾರ್ವರ್ಡಿನ ವಿದ್ಯಾರ್ಥಿ ಹೆರಾಲ್ಡ್ ಯೂವನ್, ಮೇಷ್ಟ್ರು ಎಡ್ವರ್ಡ್ ಪರ್ಸೆಲ್ ಜೊತೆ ಸೇರಿ ಅದನ್ನು ಹಿಡಿದರು. ಖರ್ಚು 500 ಡಾಲರ್ ಅನುದಾನ. ಪ್ಲೈವುಡ್ಡಿಗೆ ತಾಮ್ರದ ತಗಡು ಹೊದಿಸಿದ ದೊಡ್ಡ ತುತ್ತೂರಿಯಾಕಾರದ ಆಂಟೆನಾವನ್ನು ಲೈಮನ್ ಪ್ರಯೋಗಾಲಯದ ಕಿಟಕಿಯಿಂದ ಆಕಾಶದ ಕಡೆಗೆ ಚಾಚಿದ್ದರು. ಮಳೆ ಬಂದಾಗ ಅದು ಆಲಿಕೆಯಂತೆ ನೀರನ್ನೆಲ್ಲ ಒಳಕ್ಕೆ ಸುರಿಯುತ್ತಿತ್ತು. ಚಳಿಗಾಲದಲ್ಲಿ ಕೆಳಗೆ ಹೋಗುವ ಹುಡುಗರು ಅದರ ಬಾಯಿಗೆ ಹಿಮದುಂಡೆ ಎಸೆಯುತ್ತಿದ್ದರು. ಇಷ್ಟೆಲ್ಲ ಅಧ್ವಾನದ ನಡುವೆಯೂ ಅಲೆ ಸಿಕ್ಕಿತು.

ಸಿಕ್ಕಿದ್ದಕ್ಕೆ ಕಾರಣ ಒಂದು ಸರಳ ಉಪಾಯ. ರಿಸೀವರನ್ನು ಅಲೆಯ ಆವರ್ತನಕ್ಕೂ ಅದರ ಪಕ್ಕದ ಖಾಲಿ ಆವರ್ತನಕ್ಕೂ ಬೇಗ ಬೇಗ ಬದಲಾಯಿಸಿ ಎರಡರ ವ್ಯತ್ಯಾಸ ನೋಡುವುದು. ಆಂಟೆನಾ, ನೆಲ, ಕಿಟಕಿ, ಹಿಮದುಂಡೆ ಯಾವುದೇ ತಪ್ಪು ಮಾಡಲಿ, ಅಕ್ಕಪಕ್ಕದ ಎರಡು ಆವರ್ತನಗಳಲ್ಲಿ ಹೆಚ್ಚುಕಡಿಮೆ ಒಂದೇ ತಪ್ಪು ಮಾಡುತ್ತದೆ. ಕಳೆದಾಗ ಹೋಗಿಬಿಡುತ್ತದೆ. ಮೊದಲ ನಕ್ಷತ್ರಗಳ ತಗ್ಗಿಗೆ ಈ ಉಪಾಯ ನಡೆಯುವುದಿಲ್ಲ. ಅದರ ಅಗಲ 19 ಮೆಗಾಹರ್ಟ್ಜ್. ಪಕ್ಕದ ಖಾಲಿ ಜಾಗ ಎಂದು ಹೋದರೆ ಇನ್ನೂ ತಗ್ಗಿನೊಳಗೇ ಇರುತ್ತೀರಿ. ಪೂರ್ತಿ ಹೊರಗೆ ಬರುವಷ್ಟರಲ್ಲಿ ಆಂಟೆನಾದ ನಡತೆಯೇ ಬದಲಾಗಿರುತ್ತದೆ. ಆಕಾಶದ ಬೇರೆ ಮೂಲೆಗೆ ತಿರುಗಿಸಿ ಹೋಲಿಸೋಣವೆಂದರೆ ತಗ್ಗು ಎಲ್ಲ ದಿಕ್ಕಿನಲ್ಲೂ ಒಂದೇ. ಹೋಲಿಕೆಗೆ ಇನ್ನೊಂದು ಆಕಾಶ ಇಲ್ಲ. ಹೀಗಾಗಿ ಉಪಕರಣ ತಾನಾಗಿಯೇ 20 ಮೆಗಾಹರ್ಟ್ಜ್ ಅಗಲದ ಏರಿಳಿತವನ್ನು ಹುಟ್ಟಿಸದಂತೆ ಕಟ್ಟುವುದೊಂದೇ ದಾರಿ.

ಆಂಟೆನಾದ ಕೆಳಗೇನಿದೆ?

ಏರಿಳಿತ ಹೇಗೆ ಹುಟ್ಟುತ್ತದೆ ಎಂಬ ಲೆಕ್ಕ ಕಷ್ಟದ್ದಲ್ಲ. ಒಂದೇ ಅಲೆ ನೇರವಾಗಿಯೂ ಬಂದು, ಎಲ್ಲೋ ಬಡಿದು ಸುತ್ತಿಯೂ ಬಂದರೆ ಎರಡೂ ಕೂಡುತ್ತವೆ. ಕೆಲವು ಆವರ್ತನದಲ್ಲಿ ಒಂದಕ್ಕೊಂದು ಬಲ ಕೊಡುತ್ತವೆ, ಕೆಲವದರಲ್ಲಿ ಕತ್ತರಿಸುತ್ತವೆ. ರೋಹಿತದಲ್ಲಿ ಅಲೆಯಲೆಯಾಗಿ ಏರಿಳಿತ ಕಾಣುತ್ತದೆ. ಅದರ ಅಗಲ ಸಿಗಬೇಕಾದರೆ ಬೆಳಕಿನ ವೇಗವನ್ನು ಹೋಗಿಬರುವ ದೂರದಿಂದ ಭಾಗಿಸಿದರಾಯಿತು. ಒಂದು ಕಿಲೋಮೀಟರ್ ದೂರದ ಗುಡ್ಡದಿಂದಾದರೆ 0.15 ಮೆಗಾಹರ್ಟ್ಜ್, ಸಣ್ಣ ನಡುಕ, ಸರಾಸರಿಯಲ್ಲಿ ಅಳಿಸಿಹೋಗುತ್ತದೆ. 50 ಮೀಟರ್ ದೂರದ ಮರದಿಂದ 3 ಮೆಗಾಹರ್ಟ್ಜ್, ಗುರುತಿಸಿ ತೆಗೆಯಬಹುದು. ಏಳೆಂಟು ಮೀಟರ್ ದೂರದ ವಸ್ತುವಾದರೆ? 20 ಮೆಗಾಹರ್ಟ್ಜ್. ನಾವು ಹುಡುಕುತ್ತಿರುವ ತಗ್ಗಿನ ಅಗಲವೇ ಅದು.

ಆದ್ದರಿಂದ ಊರಾಚೆಯ ಗುಡ್ಡಕ್ಕಿಂತ ಕಾಲ ಬುಡದ್ದೇ ಇಲ್ಲಿ ಅಪಾಯ. ಸುತ್ತಲಿನ ಏಳೆಂಟು ಮೀಟರಿನಲ್ಲಿ ಏನೂ ಇಲ್ಲದಂತೆ ನೋಡಿಕೊಳ್ಳಬಹುದು, ಆದರೆ ಕೆಳಗಿನ ನೆಲವನ್ನು ಏನು ಮಾಡುವುದು? ಒಣ ಮಣ್ಣಿನಲ್ಲಿ ರೇಡಿಯೊ ಅಲೆಯ ವೇಗ ಗಾಳಿಯಲ್ಲಿನ ಅರ್ಧದಷ್ಟಿರುತ್ತದೆ. ಮೂರು ಮೀಟರ್ ಕೆಳಗೆ ಮಣ್ಣು ಮುಗಿದು ಬಂಡೆ ಶುರುವಾದರೆ, ಅಥವಾ ಒಣಮಣ್ಣು ಮುಗಿದು ತೇವ ಶುರುವಾದರೆ, ಅಲ್ಲಿಂದ ಮರಳುವ ಅಲೆ ಹುಟ್ಟಿಸುವ ಏರಿಳಿತದ ಅಗಲ 25 ಮೆಗಾಹರ್ಟ್ಜ್. ಮತ್ತದೇ ಅಪಾಯದ ಅಳತೆ. ಬಾವಿ ತೋಡಿದವರಿಗೆ ಗೊತ್ತು, ನೆಲದಡಿ ಒಂದೇ ಸಮನಾದ ಮಣ್ಣು ಎಂಬುದು ಇರುವುದಿಲ್ಲ. ಮೇಲೆ ಕೆಮ್ಮಣ್ಣು, ಕೆಳಗೆ ಗರಸು, ಅದರಡಿ ಬಂಡೆ, ಮಧ್ಯೆ ಎಲ್ಲೋ ಒಂದು ಜಲದ ಸೆಲೆ. ಮಳೆ ಬಂದರೆ ಲೆಕ್ಕವೆಲ್ಲ ಹೊಸದಾಗಿ ಮಾಡಬೇಕು.

ಎಡ್ಜಸ್ ಇದಕ್ಕೆ ಕಂಡುಕೊಂಡ ಉತ್ತರ ಲೋಹ. ಟೇಬಲ್ಲಿನಷ್ಟು ಗಾತ್ರದ ಎರಡು ಲೋಹದ ಫಲಕಗಳ ಆಂಟೆನಾ, ಅದರಡಿ ಸುಮಾರು 30 ಮೀಟರ್ ಉದ್ದಗಲದ ಲೋಹದ ಜಾಲರಿ. ಅಲೆ ಮಣ್ಣಿಗಿಳಿಯುವ ಮೊದಲೇ ಜಾಲರಿ ಅದನ್ನು ಮೇಲಕ್ಕೆ ತಿರುಗಿಸಲಿ ಎಂದು. ಒಳ್ಳೆಯ ಉತ್ತರವೇ. ಆದರೆ ಜಾಲರಿಗೆ ಅಂಚು ಇರುತ್ತದೆ. ನಡುವಿನಿಂದ ಅಂಚಿಗೆ 15 ಮೀಟರ್, ಹೋಗಿಬಂದರೆ 30, ಏರಿಳಿತ 10 ಮೆಗಾಹರ್ಟ್ಜ್. ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿ ಇದನ್ನು ಮಂದಗೊಳಿಸಿದರು. ಜಾಲರಿಯ ತುಂಡುಗಳ ಜೋಡಣೆಯಿಂದಲೂ ತೊಂದರೆ ಬರಬಹುದು. ಅಮೆರಿಕದ ರಿಚರ್ಡ್ ಬ್ರಾಡ್ಲಿ ಮತ್ತು ಸಂಗಡಿಗರು 2019ರಲ್ಲಿ ಹೇಳಿದ್ದು ಇದನ್ನೇ. ಜಾಲರಿಯೊಳಗಿನ ಸಂದುಗೊಂದುಗಳು ಮತ್ತು ಕೆಳಗಿನ ಮಣ್ಣು ಸೇರಿಕೊಂಡು ಅನುರಣಕದಂತೆ ಕೆಲಸ ಮಾಡಿ, ಕೆಲವು ಆವರ್ತನದ ಶಕ್ತಿಯನ್ನು ನುಂಗಿದರೆ ರೋಹಿತದಲ್ಲಿ ಇಂಥದೇ ತಗ್ಗು ಮೂಡಬಲ್ಲದು. ಎಡ್ಜಸ್‌ನಲ್ಲಿ ಹಾಗೇ ಆಯಿತು ಎಂದು ಸಾಬೀತಾಗಲಿಲ್ಲ. ಆಗಬಹುದು ಎಂಬುದೇ ಸಾಕಷ್ಟು ದೊಡ್ಡ ಮಾತು. ಎಡ್ಜಸ್ ತಂಡ ಆಂಟೆನಾ ತಿರುಗಿಸಿ, ಎರಡನೆಯ ಆಂಟೆನಾ ಕಟ್ಟಿ, ಸಣ್ಣ ಜಾಲರಿ ದೊಡ್ಡ ಜಾಲರಿ ಎಂದು ಬದಲಾಯಿಸಿ ನೋಡಿತ್ತು ಎಂಬುದನ್ನೂ ಹೇಳಬೇಕು. ಅವರೇನೂ ಅವಸರಕ್ಕೆ ಬಿದ್ದವರಲ್ಲ. ಆದರೆ ಎರಡೂ ಆಂಟೆನಾಗಳು ಒಂದೇ ಬಯಲಿನ ನೆಲದ ಮೇಲೇ ಇದ್ದವು.

ನೆಲದಿಂದ ಇನ್ನೊಂದು ಉಪದ್ರವ, ನಷ್ಟ. ಆಂಟೆನಾ ಹಿಡಿದ ಶಕ್ತಿಯಲ್ಲಿ ಒಂದು ಪಾಲು ಕೆಳಗಿನ ಮಾಧ್ಯಮಕ್ಕೆ ಹೋಗುತ್ತದೆ, ಅಲ್ಲಿಂದ ಸುಮಾರು 300 ಕೆಲ್ವಿನ್‌ನ ಶಾಖದ ಗದ್ದಲ ಮೇಲೆ ಬರುತ್ತದೆ. ಈ ಪಾಲು ಎಲ್ಲ ಆವರ್ತನದಲ್ಲೂ ಒಂದೇ ಇದ್ದರೆ ತಂಟೆಯಿಲ್ಲ. ಪಟ್ಟಿಯ ಮಧ್ಯದಲ್ಲಿ ಶೇಕಡ 1ರಷ್ಟು ಬದಲಾದರೂ 1500 ಕೆಲ್ವಿನ್‌ನಲ್ಲಿ 15 ಹೋಗಿ 3 ಬಂತು, ನಿವ್ವಳ 12 ಕೆಲ್ವಿನ್ ತಗ್ಗು. ಹುಡುಕುತ್ತಿರುವುದರ ಇಪ್ಪತ್ತನಾಲ್ಕು ಪಟ್ಟು.

ಕೇಬಲ್ಲಿನ ಕತೆಯೂ ಇಂಥದ್ದೇ, ಬೇಗ ಮುಗಿಸುತ್ತೇನೆ. ರಿಸೀವರಿನ ಗದ್ದಲ ಕೇಬಲ್ಲಿನ ಮೂಲಕ ಆಂಟೆನಾಕ್ಕೆ ಹೋಗಿ, ಹೊಂದಾಣಿಕೆ ಸರಿಯಿಲ್ಲದ್ದರಿಂದ ಮರಳಿ ಬರುತ್ತದೆ. 10 ಮೀಟರ್ ಕೇಬಲ್ ಇದ್ದರೆ ಏರಿಳಿತ 10 ಮೆಗಾಹರ್ಟ್ಜ್. ಮದ್ದು ಒಂದೇ, ಕೇಬಲ್ಲೇ ಇಲ್ಲದಂತೆ ರಿಸೀವರನ್ನು ಆಂಟೆನಾದ ಬುಡಕ್ಕೆ ಅಂಟಿಸುವುದು.

ದಂಡಿಗಾನಹಳ್ಳಿ, ಶರಾವತಿ

ರಾಮನ್ ಸಂಸ್ಥೆಯ ಪ್ರಯೋಗದ ಹೆಸರು ಸಾರಸ್. ಹಕ್ಕಿ ನೀರಿಗಿಳಿದದ್ದು ಮೂರನೆಯ ಅವತಾರದಲ್ಲಿ. ಮೊದಲನೆಯದು ಗೌರಿಬಿದನೂರಿನಲ್ಲಿ ಕೆಲಸ ಮಾಡಿತು. ಅಲ್ಲಿ 34.5 ಮೆಗಾಹರ್ಟ್ಜ್‌ನ ಹಳೆಯ ರೇಡಿಯೊ ದೂರದರ್ಶಕವಿದೆ. ಅದರಿಂದ ದ್ವಾರಕನಾಥ್ ಮತ್ತು ಉದಯಶಂಕರ್ 1990ರಲ್ಲಿ ಪ್ರಕಟಿಸಿದ ಆಕಾಶದ ನಕ್ಷೆ ಕಡಿಮೆ ಆವರ್ತನದ ಕೆಲಸದವರಿಗೆಲ್ಲ ಪರಿಚಿತ. ಉದಯಶಂಕರ್ ಮುಂದೆ ಸಾರಸ್ ತಂಡದಲ್ಲೂ ಇದ್ದರು. ಎರಡನೆಯ ಸಾರಸ್, ಗೋಳಾಕಾರದ ಆಂಟೆನಾ ಹೊತ್ತು ಆಂಧ್ರದ ಟಿಂಬಕ್ಟುವಿನ ಒಣನೆಲದ ಮೇಲೆ ನಿಂತು, 110ರಿಂದ 200 ಮೆಗಾಹರ್ಟ್ಜ್‌ವರೆಗೆ ಕೇಳಿಸಿಕೊಂಡಿತು. ನೆಲ ಎಷ್ಟು ಕಾಡುತ್ತದೆ ಎಂಬುದು ಆ ಹೊತ್ತಿಗೆ ತಿಳಿದುಹೋಗಿತ್ತು.

ರವಿ ಸುಬ್ರಹ್ಮಣ್ಯನ್, ಸೌರಭ್ ಸಿಂಗ್, ಜಿಷ್ಣು ನಂಬಿಶನ್ ಮತ್ತು ಸಂಗಡಿಗರು ಮೂರನೆಯದಕ್ಕೆ ಆರಿಸಿಕೊಂಡದ್ದು ನೀರು. ಪದರವಿಲ್ಲದ, ಒಂದೇ ಸಮನಾದ, ನೂರಾರು ಮೀಟರ್ ಹರಡಿದ ನೆಲ ಬೇಕೆಂದರೆ ಪ್ರಕೃತಿಯಲ್ಲಿ ಸಿಗುವುದು ಕೆರೆಯೊಂದೇ. ಈ ಆವರ್ತನಗಳಲ್ಲಿ ನೀರಿನ ವಿದ್ಯುತ್ ಗುಣಾಂಕ (ಡೈಎಲೆಕ್ಟ್ರಿಕ್ ಸ್ಥಿರಾಂಕ) ಸುಮಾರು 80, ಅದರ ವರ್ಗಮೂಲ ಸುಮಾರು ಒಂಬತ್ತು, ಅಂದರೆ ಅಲೆಯ ವೇಗ ಗಾಳಿಯಲ್ಲಿನ ಒಂಬತ್ತನೆಯ ಒಂದು ಪಾಲು. ಮೇಲ್ಮೈಗೆ ನೇರವಾಗಿ ಬಡಿಯುವ ಅಲೆಯ ಶಕ್ತಿಯಲ್ಲಿ ಮೂರನೆಯ ಎರಡು ಪಾಲು ಅಲ್ಲೇ ಮೇಲಕ್ಕೆ ತಿರುಗುತ್ತದೆ. ಉಳಿದದ್ದು ಇಳಿಯುತ್ತದೆ, ತಳದ ಕೆಸರಿಗೆ ಬಡಿಯುತ್ತದೆ, ಮರಳುತ್ತದೆ. ಆದರೆ ಕೆರೆಯ ನೀರು ಭಟ್ಟಿ ಇಳಿಸಿದ ನೀರಲ್ಲ, ಕರಗಿದ ಲವಣದಿಂದಾಗಿ ವಿದ್ಯುತ್ತನ್ನು ಒಂದಿಷ್ಟು ಹರಿಯಬಿಡುತ್ತದೆ. ವಾಹಕತೆ ಮೀಟರಿಗೆ 0.03 ಸೀಮೆನ್ಸ್ ಎಂದಿಟ್ಟುಕೊಳ್ಳಿ. ಆಗ ಒಂದೊಂದು ಮೀಟರಿಗೆ ಐದೂವರೆ ಡೆಸಿಬೆಲ್‌ನಂತೆ ಅಲೆ ಸೊರಗುತ್ತದೆ. ಮೂರು ಮೀಟರ್ ಆಳಕ್ಕೆ ಹೋಗಿ ಬರುವಷ್ಟರಲ್ಲಿ ಉಳಿಯುವುದು ಎರಡು ಸಾವಿರಕ್ಕೆ ಒಂದು ಪಾಲು. ಮಳೆಯ ನೀರಿನಂತೆ ತೀರಾ ಶುದ್ಧವಾದ ಕೆರೆಯಾದರೆ ಈ ಲಾಭ ಇಲ್ಲ, ಆಳ ಹೆಚ್ಚು ಬೇಕು. ಕೆರೆ ಆರಿಸುವಾಗ ನೋಡಬೇಕಾದ್ದು ನೋಟದ ಚಂದವನ್ನಲ್ಲ, ಆಳ ಮತ್ತು ಉಪ್ಪಿನಂಶವನ್ನು.

ತೇಲುವ ತೆಪ್ಪದ ಮೇಲೆ ಲೋಹದ ತಟ್ಟೆ, ಅದರ ಮೇಲೆ ತುದಿ ಕೆಳಗಾದ ಲೋಹದ ಶಂಕು. ಇದೇ ಆಂಟೆನಾ. ಅಲೆಯ ಉದ್ದಕ್ಕೆ ಹೋಲಿಸಿದರೆ ಇದನ್ನು ಬೇಕೆಂದೇ ಗಿಡ್ಡಗೆ ಮಾಡಿದ್ದಾರೆ. ಉದ್ದ ಸರಿಹೊಂದಿಸಿದ ಆಂಟೆನಾ ಒಂದು ಆವರ್ತನದಲ್ಲಿ ಚೆನ್ನಾಗಿ ಮಿಡಿಯುತ್ತದೆ. ಟಿವಿ ನೋಡುವವರಿಗೆ ಅದೇ ಬೇಕು, ಇಲ್ಲಿ ಅದೇ ಬೇಡ. ಮಿಡಿಯುವ ಜಾಗದ ಆಚೀಚೆ ನಡತೆ ಬಾಗುತ್ತದೆ, ಆ ಬಾಗು ಆಕಾಶದ ತಗ್ಗಿನಂತೆ ಕಾಣುತ್ತದೆ. ಗಿಡ್ಡ ಆಂಟೆನಾ ಶಕ್ತಿಯನ್ನು ಕಡಿಮೆ ಹಿಡಿಯುತ್ತದೆ, ಆದರೆ ಪಟ್ಟಿಯುದ್ದಕ್ಕೂ ನಯವಾಗಿ ಹಿಡಿಯುತ್ತದೆ. ಗದ್ದಲವನ್ನು ಕಾದು ಇಳಿಸಬಹುದು, ಬಾಗನ್ನು ಕಾದು ನೇರ ಮಾಡಲಾಗದು. ಹಾಗಾಗಿ ಈ ವ್ಯಾಪಾರದಲ್ಲಿ ನಷ್ಟವಿಲ್ಲ. ರಿಸೀವರ್ ಆಂಟೆನಾದ ಬುಡದಲ್ಲೇ. ಆಂಟೆನಾ, ತಿಳಿದ ಉಷ್ಣತೆಯ ಲೋಡ್, ಗದ್ದಲದ ಮೂಲ ಇವುಗಳ ನಡುವೆ ಸ್ವಿಚ್ ತಿರುಗುತ್ತಲೇ ಇರುತ್ತದೆ, ಒಂದರಲ್ಲಿ ಇನ್ನೊಂದನ್ನು ಕಳೆಯಲಿಕ್ಕೆ. ಗದ್ದಲವೆಬ್ಬಿಸುವ ಡಿಜಿಟಲ್ ಸರ್ಕೀಟು, ಕಂಪ್ಯೂಟರು ದೂರದ ದಡದಲ್ಲಿ. ನಡುವೆ ತಾಮ್ರದ ತಂತಿ ಎಳೆದರೆ ಅದೇ ಇನ್ನೊಂದು ಆಂಟೆನಾ ಆಗಿಬಿಡುತ್ತದೆ, ಆದ್ದರಿಂದ ಆಪ್ಟಿಕಲ್ ಫೈಬರ್.

ಇನ್ನು ನಮ್ಮ ಎಫ್‌ಎಂ. ಅಳತೆಗೆ ಬಳಸಿದ್ದು 55ರಿಂದ 85 ಮೆಗಾಹರ್ಟ್ಜ್, ಎಫ್‌ಎಂ ಶುರುವಾಗುವುದು 88ರ ಹತ್ತಿರ. ಪಟ್ಟಿಯ ಹೊರಗಿದೆಯಲ್ಲ ಎಂದು ನೆಮ್ಮದಿಯಾಗಿರುವಂತಿಲ್ಲ. ಎರಡು ಪ್ರಬಲ ಸ್ಟೇಷನ್‌ಗಳು ಆಂಪ್ಲಿಫೈಯರಿನಲ್ಲಿ ಬೆರೆತರೆ ಇಲ್ಲದ ಮೂರನೆಯದು ಹುಟ್ಟುತ್ತದೆ. 91.1ರ ಎರಡರಷ್ಟರಿಂದ 104 ಕಳೆಯಿರಿ, ಬರುವುದು 78.2. ತಗ್ಗಿನ ನಟ್ಟನಡುವೆ! ಫಿಲ್ಟರ್ ಹಾಕಿ ಎಫ್‌ಎಂ ತಡೆಯಬಹುದು, ಆದರೆ ಫಿಲ್ಟರೂ ತನ್ನ ಅಂಚಿನಲ್ಲಿ ರೋಹಿತವನ್ನು ಬಾಗಿಸುತ್ತದೆ. ಊರಿಂದ ದೂರ ಹೋದರೂ ಉಲ್ಕೆಯ ಗೆರೆಗಳು, ವಿಮಾನಗಳು ದೂರದ ಸ್ಟೇಷನ್ನಿನ ಹಾಡನ್ನು ಪ್ರತಿಫಲಿಸಿ ತಂದು ಸುರಿಯುತ್ತವೆ. ಅಂಥ ಕ್ಷಣಗಳ ದತ್ತಾಂಶವನ್ನೆಲ್ಲ ಕಿತ್ತೆಸೆಯಬೇಕು. 2020ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ಕೇಳಿಸಿಕೊಂಡು, ಕಿತ್ತೆಸೆದು ಉಳಿದದ್ದು ಸುಮಾರು 15 ಗಂಟೆ. (ಹಲವು ಸುದ್ದಿಗಳಲ್ಲಿ ಇವೆರಡನ್ನೂ ‘ಉತ್ತರ ಕರ್ನಾಟಕದ ಕೆರೆಗಳು’ ಎಂದು ಬರೆದಿದ್ದರು. ಚಿಕ್ಕಬಳ್ಳಾಪುರದವರೂ ಸಾಗರದವರೂ ಒಟ್ಟಿಗೆ ನಗಬೇಕಾದ ಮಾತು.)

ಗೆರೆ ಎಳೆಯುವವನ ಕೈ

ದತ್ತಾಂಶ ಕೈಗೆ ಬಂದ ಮೇಲೂ ಕೆಲಸ ಅರ್ಧವೇ. 3600ರಿಂದ 1200ಕ್ಕೆ ಇಳಿಯುವ ಆಕಾಶಗಂಗೆಯ ಗೆರೆಯನ್ನು ಕಳೆದರೆ ಉಳಿಕೆಯಲ್ಲಿ ತಗ್ಗು ಕಾಣಬೇಕು. ಆದರೆ ಆ ಗೆರೆಯ ನಿಜವಾದ ಆಕಾರ ಯಾರಿಗೂ ಮಿಲಿಕೆಲ್ವಿನ್ ಮಟ್ಟಕ್ಕೆ ಗೊತ್ತಿಲ್ಲ, ನಯವಾಗಿದೆ ಎಂಬುದಷ್ಟೇ ಗೊತ್ತು. ಹಾಗಾಗಿ ಬಹುಪದಿಯೊಂದನ್ನು ಹೊಂದಿಸುತ್ತಾರೆ. ಪದಗಳು ಕಡಿಮೆಯಾದರೆ ಗೆರೆ ಸರಿಯಾಗಿ ಕೂರದೆ ಉಳಿಕೆಯಲ್ಲಿ ಸುಳ್ಳು ಅಲೆ ಕಾಣುತ್ತದೆ. ಹೆಚ್ಚಾದರೆ ಗೆರೆಯೇ ಬಳುಕಿ ನಿಜವಾದ ತಗ್ಗನ್ನೂ ನುಂಗುತ್ತದೆ. 30 ಮೆಗಾಹರ್ಟ್ಜ್ ಅಗಲದ ಪಟ್ಟಿಯಲ್ಲಿ 19 ಮೆಗಾಹರ್ಟ್ಜ್‌ನ ತಗ್ಗು ಹುಡುಕುವಾಗ ಈ ಎರಡರ ನಡುವೆ ಬಹಳ ಜಾಗವಿಲ್ಲ.

ಎಡ್ಜಸ್ ಮೇಲೆ ಮೊದಲ ಗಟ್ಟಿ ಆಕ್ಷೇಪ ಬಂದದ್ದು ಇಲ್ಲಿಯೇ. ಕೇಂಬ್ರಿಜ್‌ನ ರಿಚರ್ಡ್ ಹಿಲ್ಸ್ ಮತ್ತು ಸಂಗಡಿಗರು ಪ್ರಕಟಿತ ದತ್ತಾಂಶವನ್ನೇ ತೆಗೆದುಕೊಂಡು 2018ರಲ್ಲಿ ಎರಡು ಮಾತು ಹೇಳಿದರು. ಹೊಂದಿಸಿದ ಗೆರೆಯ ಅಂಕಿಗಳನ್ನು ಅಕ್ಷರಶಃ ನಂಬಿದರೆ ಆಕಾಶಗಂಗೆಗೂ ನಮ್ಮ ಅಯಾನುಗೋಳಕ್ಕೂ (ವಾತಾವರಣದ ಮೇಲ್ಭಾಗದ, ವಿದ್ಯುದಾವೇಶ ಹೊತ್ತ ಪದರಕ್ಕೂ) ಅಸಾಧ್ಯ ಗುಣಗಳು ಬರುತ್ತವೆ. ಜೊತೆಗೆ, ತಗ್ಗಿನ ಬದಲು ಸುಮಾರು 12.5 ಮೆಗಾಹರ್ಟ್ಜ್ ಅಗಲದ ಸೈನ್ ಅಲೆಯನ್ನು ಬಳಸಿಯೂ ಇದೇ ದತ್ತಾಂಶವನ್ನು ವಿವರಿಸಬಹುದು. ಸೈನ್ ಅಲೆ ಎಂದರೆ ಎಲ್ಲೋ ಪ್ರತಿಫಲನದ ವಾಸನೆ. 12.5 ಮೆಗಾಹರ್ಟ್ಜ್ ಎಂದರೆ ಗಾಳಿಯಲ್ಲಿ 12 ಮೀಟರ್ ದೂರದ್ದು. ಅಷ್ಟಕ್ಕೇ ಜಾಲರಿಯ ಅಂಚಿನ ಕಡೆ ಬೆರಳು ತೋರಿಸುವುದು ಆತುರವಾದೀತು. ಸಿಂಗ್ ಮತ್ತು ಸುಬ್ರಹ್ಮಣ್ಯನ್ 2019ರಲ್ಲಿ ಇದನ್ನೇ ಬೇರೆ ದಾರಿಯಲ್ಲಿ ನೋಡಿದರು. ಅನಗತ್ಯ ಬಳುಕಿಗೆ ಅವಕಾಶವೇ ಕೊಡದ ಅತಿನಯದ ಗೆರೆ, ಅದರ ಮೇಲೊಂದು ಸೈನ್ ಅಲೆ. ಹೀಗೆ ನೋಡಿದರೆ ಎಡ್ಜಸ್ ದತ್ತಾಂಶ ಎಂದಿನ ಸಿದ್ಧಾಂತದ ತೆಳು ತಗ್ಗುಗಳಿಗೂ ಒಗ್ಗುತ್ತದೆ.

ಇಷ್ಟಾದ ಮೇಲೆ ತೆಪ್ಪದ ದತ್ತಾಂಶ. ಅದರಲ್ಲಿ ನಯವಾದ ಗೆರೆ ಕಳೆದಾಗ ಎಡ್ಜಸ್ ಹೇಳಿದ ಆಕಾರ ಇರಲಿಲ್ಲ. ಆ ತಗ್ಗಿನ ತಳ ಚಪ್ಪಟೆ, ಗೋಡೆ ಕಡಿದು. ನಯವಾದ ಗೆರೆ ಅಂಥದ್ದನ್ನು ಸುಲಭಕ್ಕೆ ನುಂಗಲಾರದು, ಇದ್ದಿದ್ದರೆ ಗೋಡೆಗಳಾದರೂ ಹೊರಗೆ ಇಣುಕಬೇಕಿತ್ತು. ಎಡ್ಜಸ್‌ನ ಅತ್ಯುತ್ತಮ ಹೊಂದಿಕೆಯ ಆಕಾರವನ್ನು ಶೇಕಡ 95.3ರ ಭರವಸೆಯಿಂದ ತಳ್ಳಿಹಾಕಲಾಗಿದೆ ಎಂದು ಪ್ರಬಂಧ ಹೇಳಿತು.

95.3

ಈ ಅಂಕಿಯ ಎದುರು ಸ್ವಲ್ಪ ನಿಲ್ಲಬೇಕು. ಸುಳ್ಳೆಂದು ಸಾಬೀತು ಎಂಬ ತಲೆಬರಹಕ್ಕೂ 95.3ಕ್ಕೂ ಹೊಂದಿಕೆಯಾಗುವುದಿಲ್ಲ. ಇಪ್ಪತ್ತೊಂದಕ್ಕೆ ಒಂದು ಪಾಲು ಸಂದೇಹ ಉಳಿದಿದೆ ಎಂದರ್ಥ. ಕಣ ಭೌತವಿಜ್ಞಾನದಲ್ಲಿ ಆವಿಷ್ಕಾರ ಎನ್ನಲು ಮೂವತ್ತೈದು ಲಕ್ಷಕ್ಕೆ ಒಂದರ ಆಸುಪಾಸು ಕೇಳುತ್ತಾರೆ. ಅತ್ತ ಎಡ್ಜಸ್ ತನ್ನ ತಗ್ಗಿನ ಅಂಕಿಗಳಿಗೆ ಕೊಟ್ಟುಕೊಂಡ ಭರವಸೆ ಶೇಕಡ 99. ಎರಡನ್ನೂ ಎದುರುಬದುರು ಇಟ್ಟು 99 ದೊಡ್ಡದಲ್ಲವೇ ಎನ್ನುವುದೂ ತಪ್ಪು. ಎರಡೂ ಹೇಳುವುದು ಲೆಕ್ಕಕ್ಕೆ ತೆಗೆದುಕೊಂಡ ದೋಷಗಳ ಬಗ್ಗೆ ಮಾತ್ರ. ತೆಗೆದುಕೊಳ್ಳದ್ದು ನೆಲದಡಿ ಇದ್ದರೆ 99ರೊಳಗೆ ಅದು ಸೇರಿಲ್ಲ, ನೀರಿನ ಮೇಲಿದ್ದರೆ 95.3ರೊಳಗೂ ಸೇರಿಲ್ಲ.

ಹಾಗಿದ್ದೂ ನನ್ನ ಒಲವು ತೆಪ್ಪದ ಕಡೆಗೇ. ಕಾರಣ ಶೇಕಡವಾರು ಅಲ್ಲ. 20 ಮೆಗಾಹರ್ಟ್ಜ್ ಏರಿಳಿತ ಹುಟ್ಟಿಸಬಲ್ಲ ಅಂತರದಲ್ಲಿ ಏನೇನಿದೆ ಎಂದು ಕೇಳಿದರೆ ಒಂದು ಕಡೆ ಜಾಲರಿ, ಅಂಚು, ಬೆಸುಗೆ, ಮಣ್ಣಿನ ಪದರ ಎಂದು ಪಟ್ಟಿ ಮಾಡಬೇಕು, ಇನ್ನೊಂದು ಕಡೆ ನೀರು ಎಂದರೆ ಬಹುಪಾಲು ಮುಗಿಯಿತು. ಎಲ್ಲ ವಿಚಿತ್ರ ಉಳಿಕೆಯೂ ದೋಷವಲ್ಲ ಎಂಬುದಕ್ಕೆ 1964ರಲ್ಲಿ ಅಮೆರಿಕದ ಹೋಮ್‌ಡೆಲ್‌ನಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಬಳಸಿದ ಆಂಟೆನಾವೇ ಸಾಕ್ಷಿ. ಪಾರಿವಾಳದ ಹಿಕ್ಕೆ ತೊಳೆದ ಮೇಲೂ ಉಳಿದ ಮೂರೂವರೆ ಕೆಲ್ವಿನ್ ಗದ್ದಲ ಮಹಾಸ್ಫೋಟದ ಹಿನ್ನೆಲೆ ವಿಕಿರಣವೇ ಆಗಿತ್ತು. ಆದರೆ ಅದು ಬೇರೆ ಬೇರೆ ಉಪಕರಣಗಳಲ್ಲಿ, ಬೇರೆ ಬೇರೆ ಆವರ್ತನಗಳಲ್ಲಿ ಮತ್ತೆ ಮತ್ತೆ ಕಂಡಿತು. 78 ಮೆಗಾಹರ್ಟ್ಜ್‌ನ ತಗ್ಗು ಇಲ್ಲಿಯವರೆಗೆ ಕಂಡದ್ದು ಎಡ್ಜಸ್‌ಗೆ ಮಾತ್ರ.

ತೆಪ್ಪದ ದತ್ತಾಂಶ ಏನು ಹೇಳುವುದಿಲ್ಲ ಎಂಬುದನ್ನೂ ಮರೆಯಬಾರದು. 0.2 ಕೆಲ್ವಿನ್‌ನ ಎಂದಿನ ತಗ್ಗು ಇಲ್ಲ ಎಂದು ಅದು ಹೇಳಿಲ್ಲ. ಅಷ್ಟು ತೆಳುವಾದ, ಅಂಚು ಮೃದುವಾದ ತಗ್ಗನ್ನು ಕಾಣಲು 15 ಗಂಟೆಯೂ ಸಾಲದು, 30 ಮೆಗಾಹರ್ಟ್ಜ್ ಪಟ್ಟಿಯೂ ಸಾಲದು. ಆದರೂ ಕಾಣಲಿಲ್ಲ ಎಂಬುದರಿಂದಲೇ ಒಂದಿಷ್ಟು ತಿಳಿಯಿತು. 2022ರ ಕೊನೆಗೆ ಕೇಂಬ್ರಿಜ್‌ನವರೂ ರಾಮನ್ ಸಂಸ್ಥೆಯವರೂ ಸೇರಿ ಬರೆದ ಪ್ರಬಂಧದಲ್ಲಿ, ಮಹಾಸ್ಫೋಟದಿಂದ ಸುಮಾರು 20 ಕೋಟಿ ವರ್ಷದ ಹೊತ್ತಿಗೆ ಇದ್ದ ಗೆಲಾಕ್ಸಿಗಳು ರೇಡಿಯೊದಲ್ಲಿ ಅತಿಯಾಗಿ ಹೊಳೆಯುತ್ತಿದ್ದವು ಎಂಬ ಕಲ್ಪನೆಗಳಲ್ಲಿ ಹಲವನ್ನು ಪಕ್ಕಕ್ಕೆ ಸರಿಸಿದರು. ಹಾಗೆ ಹೊಳೆದಿದ್ದರೆ ತಗ್ಗು ಆಳವಾಗಿ ಕೆರೆಯ ಮೇಲೂ ಕಾಣಬೇಕಿತ್ತು.

ಮುಂದಿನ ಯೋಜನೆಯ ಹೆಸರು ಪ್ರತ್ಯೂಷ್. ರಾಮನ್ ಸಂಸ್ಥೆ ಇಸ್ರೋ ಜೊತೆಗೆ ಯೋಚಿಸುತ್ತಿರುವ ಇದು ಚಂದ್ರನನ್ನು ಸುತ್ತುತ್ತ ಅದರ ಆಚೆಬದಿಗೆ ಹೋದಾಗ ಕೇಳಿಸಿಕೊಳ್ಳಬೇಕಾದ ಉಪಕರಣ. ನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತಿದರೆ ಎರಡು ಗಂಟೆಗೊಂದು ಸುತ್ತು. ಪ್ರತಿ ಸುತ್ತಿನಲ್ಲೂ ಸ್ವಲ್ಪ ಹೊತ್ತು 3,475 ಕಿಲೋಮೀಟರ್ ದಪ್ಪದ ಬಂಡೆ ಭೂಮಿಯ ಎಫ್‌ಎಂ ಅನ್ನೆಲ್ಲ ತಡೆದು ನಿಲ್ಲಿಸುತ್ತದೆ. ಮಣ್ಣಿಲ್ಲ, ಅಯಾನುಗೋಳವಿಲ್ಲ. ಆಂಟೆನಾದ ಕೆಳಗಿರುವುದು ಉಪಗ್ರಹದ ಒಡಲು ಮಾತ್ರ, ಅದು ಒಂದು ಮೀಟರಿನಷ್ಟಿದ್ದರೆ ಹುಟ್ಟುವ ಏರಿಳಿತ 150 ಮೆಗಾಹರ್ಟ್ಜ್ ಅಗಲದ್ದು, ತಗ್ಗಿನೊಂದಿಗೆ ಗೊಂದಲವಾಗದಷ್ಟು ನಯ. ಆದರೆ ಕೆರೆಯಲ್ಲಿ ಗದ್ದಲದ ಕಂಪ್ಯೂಟರನ್ನು ಫೈಬರ್ ಎಳೆದು ದಡಕ್ಕೆ ಕಳಿಸಬಹುದಿತ್ತು. ಇಲ್ಲಿ ಅದೂ, ಬ್ಯಾಟರಿಯ ವೋಲ್ಟೇಜ್ ಇಳಿಸುವ ಕನ್ವರ್ಟರೂ, ಭೂಮಿಗೆ ದತ್ತಾಂಶ ಕಳಿಸುವ ರೇಡಿಯೊವೂ ಆಂಟೆನಾದಿಂದ ಒಂದು ಮೊಳ ದೂರದ ಅದೇ ಪೆಟ್ಟಿಗೆಯಲ್ಲಿ ಕೂರಬೇಕು. ಪೆಟ್ಟಿಗೆಯ ಮುಚ್ಚಳದ ಸಂದಿಯಿಂದ ಸೋರುವ ಮೈಕ್ರೊವೋಲ್ಟುಗಳನ್ನು ತಡೆಯುವುದು ಹೇಗೆ ಎಂಬುದೇ ಈಗಿನ ಕೆಲಸ.